ಉಪ್ಪಿನಕಾಯಿ ಭರಣಿ ಮನೆಯಲ್ಲೇ ಇರಲಿ, ಫೋಟೋ ಸಾಕು

ಬದಿಯಡ್ಕ, ಕಾಸರಗೋಡು ಜಿಲ್ಲೆ

8 ಮತ್ತು 9ನೇ ತರಗತಿಯ ಮಕ್ಕಳ ಪೋಷಕರಿಗೆ ನಮಸ್ಕಾರ.

ಮೊದಲು ಕ್ಷಮೆ ಕೇಳಬೇಕು. ಕಳೆದ ವಾರ ಚಿತ್ರಕಲೆ ಪಿರಿಯಡ್‌ನಲ್ಲಿ ಮಕ್ಕಳಿಗೆ "ಮನೆಯ ಹಳೇ ವಸ್ತು ಒಂದನ್ನು ಸರಿಯಾಗಿ ನೋಡಿ ಬನ್ನಿ" ಎಂದಿದ್ದೆವು. ಒಬ್ಬ ಹುಡುಗ ನೋಡಿ ಬರುವ ಬದಲು ಹೊತ್ತೇ ತಂದ. ಅಜ್ಜಿಯ ಉಪ್ಪಿನಕಾಯಿ ಭರಣಿ, ಅದೂ ಬೆಳಗಿನ ಬಸ್ಸಿನ ರಶ್ಶಿನಲ್ಲಿ. ಮುಚ್ಚಳ ಒಡೆಯಿತು. ಅಜ್ಜಿಯ ಹತ್ತಿರ ನಾನೇ ಹೋಗಿ ಮಾತಾಡಿದೆ. ಅವರು ಬೈಯಲಿಲ್ಲ, ಚಹಾ ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಇನ್ನು ಮುಂದೆ ವಸ್ತು ಮನೆಯಲ್ಲೇ ಇರಲಿ.

ಮನೆಯ ಹಳೇ ವಸ್ತುವಿನ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡುವ ಈ ಕೆಲಸವೆಲ್ಲ ಯಾಕೆ ಎಂದು ಕೆಲವರು ಕೇಳಿದ್ದೀರಿ.

ಬಿಳಿ ಪಿಂಗಾಣಿಯ ಮೇಲೆ ನೀಲಿ ಚಿತ್ರ ಇರುವ ತಟ್ಟೆಯನ್ನು ನೀವು ನೋಡಿರಬಹುದು. ಸೇತುವೆ, ಬಾಗಿದ ಮರ, ಮೇಲೆ ಎರಡು ಹಕ್ಕಿ. ಚೀನಾದ್ದು ಅನ್ನಿಸುತ್ತದೆ. ಆದರೆ ಚೀನಾದ ಪಿಂಗಾಣಿ ನೋಡಿಕೊಂಡು 18ನೇ ಶತಮಾನದ ಕೊನೆಗೆ ಇಂಗ್ಲೆಂಡಿನವರು ಹುಟ್ಟಿಸಿದ ಚಿತ್ರ ಅದು. ಪ್ರೇಮಿಗಳು ಹಕ್ಕಿಗಳಾದರು ಎಂಬ ಕಥೆಯನ್ನೂ ಆಮೇಲೆ ಅವರೇ ಕಟ್ಟಿದರು. ತಟ್ಟೆ ಮಾರಾಟ ಆಗಬೇಕು, ಅಲ್ವಾ? ತಾಮ್ರದ ಹಲಗೆಯಲ್ಲಿ ಚಿತ್ರ ಕೊರೆದು, ಬಣ್ಣ ತುಂಬಿ, ತೆಳು ಕಾಗದಕ್ಕೆ ಇಳಿಸಿ, ಆ ಕಾಗದವನ್ನು ತಟ್ಟೆಗೆ ಒತ್ತುತ್ತಿದ್ದರು. "ಪ್ರಿಂಟ್ ತೆಗೆದದ್ದೆಲ್ಲ ಕಲೆಯಾ ಟೀಚರ್?" ಎಂದು ಪಿಟಿಎ ಸಭೆಯಲ್ಲಿ ಕೇಳಿದವರಿಗೆ ನನ್ನ ಉತ್ತರ ಇಷ್ಟೇ: ಮ್ಯೂಸಿಯಮ್ಮಿನಲ್ಲಿ ಇಟ್ಟಿರುವ ಆ ತಟ್ಟೆಗಳೂ ಪ್ರಿಂಟೇ.

ಪಾಲ್ ಸ್ಕಾಟ್ ಎಂಬ ಇಂಗ್ಲೆಂಡಿನ ಕಲಾವಿದರು ಈ ನೀಲಿ ತಟ್ಟೆಗಳ ಬೆನ್ನು ಹಿಡಿದಿದ್ದಾರೆ. ದೂರದಿಂದ ನೋಡಿದರೆ ಅದೇ ಹಳೇ ತಟ್ಟೆ. ಹತ್ತಿರ ಹೋದರೆ ನದಿಯ ದಡದಲ್ಲಿ ಅಣು ವಿದ್ಯುತ್ ಸ್ಥಾವರ! 2001ರಲ್ಲಿ ಅಲ್ಲಿ ಕಾಲುಬಾಯಿ ರೋಗ ಬಂದು, ಅದು ಹರಡದಿರಲೆಂದು ಲಕ್ಷಗಟ್ಟಲೆ ದನ ಕುರಿಗಳನ್ನು ಕೊಂದರು. ಅದೂ ಅವರ ತಟ್ಟೆಗೆ ಬಂತು. ಇನ್ನೊಬ್ಬ ಕಲಾವಿದರು ಮೈಕೆಲ್ ಈಡನ್, ಮೂಲತಃ ಕುಂಬಾರರು. ವೆಜ್‌ವುಡ್ ಎಂಬ ಇಂಗ್ಲೆಂಡಿನ ಪಿಂಗಾಣಿ ಕಂಪೆನಿಯ ಹಳೇ ಸೂಪಿನ ಪಾತ್ರೆಯ ರೂಪವನ್ನು ಕಂಪ್ಯೂಟರಿಗೆ ಹಾಕಿ, ವಸ್ತುವನ್ನೇ ಕಟ್ಟಿಕೊಡುವ ತ್ರೀಡಿ ಪ್ರಿಂಟರಿನಲ್ಲಿ ಹೊಸದಾಗಿ ತೆಗೆದರು. ಮೈಯೆಲ್ಲ ಬಲೆಯಂತೆ ತೂತು. ಸಾರು ಹಾಕಿದರೆ ಒಂದು ತೊಟ್ಟೂ ನಿಲ್ಲದು. ಮಕ್ಕಳಿಗೆ ಬಹಳ ಇಷ್ಟವಾದದ್ದು ಅದೇ.

ಇವನ್ನು ತೋರಿಸಿದ ಎರಡನೇ ದಿನ 9ನೇ ತರಗತಿಯ ಹುಡುಗಿಯೊಬ್ಬಳು ಕಂಪ್ಯೂಟರಿನಲ್ಲಿ ತಟ್ಟೆ ಬರೆದಳು. ಅಂಚಿಗೆ ಹೂವಿನ ಬದಲು ಗೇರುಹಣ್ಣು. ನಡುವೆ ಗುಡ್ಡ, ಗೇರುತೋಟ, ಮನೆ, ಮಡಲು ಮುಚ್ಚಿದ ಬಾವಿ. ಎರಡು ಹಕ್ಕಿ ಇರಬೇಕಾದ ಜಾಗದಲ್ಲಿ ಹೆಲಿಕಾಪ್ಟರ್. ಎಲ್ಲ ನೀಲಿಯಲ್ಲೇ. ನೋಡಲು ಬಹಳ ಚಂದ, ಅದೇ ಸಂಕಟ. ನಮ್ಮ ಕಡೆ ಗೇರುತೋಟಗಳಿಗೆ 20 ವರ್ಷಕ್ಕೂ ಹೆಚ್ಚು ಕಾಲ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷವನ್ನು ಹೆಲಿಕಾಪ್ಟರಿನಿಂದ ಹೊಡೆದರು. ಅದು ನಿಂತಾಗ ಈ ಮಕ್ಕಳು ಹುಟ್ಟಿಯೇ ಇರಲಿಲ್ಲ. "ಬಾವಿ ಯಾಕೆ ಮುಚ್ಚಿದ್ದು?" ಎಂದು ಕೇಳಿದೆ. "ಅಜ್ಜಿ ಹೇಳಿದ್ದು ಟೀಚರ್. ಮುಚ್ಚಿದರೂ ಪ್ರಯೋಜನ ಆಗಲಿಲ್ಲವಂತೆ" ಎಂದಳು. ನಾನು ಸ್ಟಾಫ್ ರೂಮಿಗೆ ಬಂದು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಆ ಚಿತ್ರವನ್ನು ಗೋಡೆಗೆ ಹಾಕುವುದು ಬೇಡ ಎಂದು ಒಬ್ಬರು ಫೋನ್ ಮಾಡಿದ್ದರು. ಹಾಕುತ್ತೇವೆ. ಅವಳ ಅಜ್ಜಿಯ ಒಪ್ಪಿಗೆ ಪಡೆದಿದ್ದೇವೆ.

ಇನ್ನು ನಿಮ್ಮಿಂದ ಬೇಕಾದದ್ದು. ಭರಣಿ, ಕಾಲುದೀಪ, ಹರಿವಾಣ, ಗಲ್ಫಿನಿಂದ ಬಂದ ಹಳೇ ಫ್ಲಾಸ್ಕ್, ಏನಾದರೂ ಆಗುತ್ತದೆ. ಗುಜರಿಗೆ ಹಾಕಲು ಎತ್ತಿಟ್ಟದ್ದಿದ್ದರೆ ಒಂದು ವಾರ ತಡೆಯಿರಿ. ವಸ್ತುವನ್ನು ಜಗಲಿಯ ಬೆಳಕಿನಲ್ಲಿಟ್ಟು, ಸುತ್ತ ನಡೆಯುತ್ತಾ, ಫೋನಿನಲ್ಲಿ ಐವತ್ತು ಅರವತ್ತು ಫೋಟೋ ತೆಗೆಯಲಿ. ವಸ್ತು ಅಲುಗಾಡಬಾರದು, ಮಕ್ಕಳೇ ತಿರುಗಬೇಕು. ಆ ಫೋಟೋಗಳನ್ನು ಜೋಡಿಸಿ ಕಂಪ್ಯೂಟರ್ ರೂಪ ಕಟ್ಟುತ್ತದೆ. ನಮ್ಮ ಶಾಲೆಯ ಐಟಿ ಕ್ಲಬ್ಬಾದ ಲಿಟಲ್ ಕೈಟ್ಸ್ ಮಕ್ಕಳು ಸಹಾಯಕ್ಕೆ ಇದ್ದಾರೆ. ಎರಡು ದಿನಕ್ಕೆ ಒಂದು ತ್ರೀಡಿ ಪ್ರಿಂಟರ್ ತರಿಸುತ್ತೇವೆ. ಚಕ್ಕುಲಿ ಒತ್ತಿದ ಹಾಗೆ ಬಿಸಿ ಪ್ಲಾಸ್ಟಿಕ್ಕನ್ನು ಸುತ್ತು ಸುತ್ತಾಗಿ ಪೇರಿಸುವ ಯಂತ್ರ ಅದು. ಬಹಳ ನಿಧಾನ, ಹಾಗಾಗಿ ಎಲ್ಲರದ್ದೂ ಹೆಬ್ಬೆರಳಿನಷ್ಟೇ ದೊಡ್ಡದು. ಹಣ ಕೊಡಬೇಕಾಗಿಲ್ಲ.

ಫೋಟೋ ಶುಕ್ರವಾರದೊಳಗೆ ಬರಲಿ. ಜೊತೆಗೆ ಆ ವಸ್ತು ಯಾರದ್ದು, ಮನೆಗೆ ಹೇಗೆ ಬಂತು ಎಂದು ಹಿರಿಯರು ಹೇಳಿದ್ದನ್ನು ಮಕ್ಕಳೇ ನಾಲ್ಕು ಸಾಲು ಬರೆಯಲಿ.

ಇನ್ನೊಂದು ಮಾತು. ಶಾಲೆಗೆ ಫೋಟೋ ಹೋಗುತ್ತದೆ ಎಂದು ದೀಪವನ್ನು ಹುಣಸೆಹುಳಿ ಹಾಕಿ ತಿಕ್ಕಬೇಡಿ. ಹೊಳೆಯುವ ವಸ್ತುವಿನ ರೂಪ ಕಂಪ್ಯೂಟರಿಗೆ ಸರಿಯಾಗಿ ಸಿಗುವುದಿಲ್ಲ. ಈ ಒಂದು ವಾರ ಮಸಿ ಹಾಗೇ ಇರಲಿ.

ನಿಮ್ಮ
ಮುಖ್ಯ ಶಿಕ್ಷಕಿ