ಬೇಬಾಕಿ ಪತ್ರ ಕೈಗೆ ಬಂತು, ನಿಮಗೆಲ್ಲ ಶರಣು

ಮಷಿನ್ ಮೇಲಿನ ಸಾಲ ಮುಗಿಯಿತು. ಸೋಮವಾರ ಬ್ಯಾಂಕಿನವರು ಬೇಬಾಕಿ ಪತ್ರ ಕೊಟ್ಟರು. ಬೆಟಗೇರಿಯಲ್ಲಿ ಸಣ್ಣ ಪ್ರೆಸ್ ನಡೆಸುವ ನನ್ನಂಥವನಿಗೆ ಇದು ಸಣ್ಣ ಮಾತಲ್ಲ. ಇದರ ಹಿಂದೆ ಇದ್ದವರ ಉಪಕಾರವನ್ನು ನಾಲ್ಕು ಮಂದಿ ಎದುರು ಹೇಳಬೇಕು ಅನಿಸಿತು. ಹೆಸರು ಹಾಕುವುದಿಲ್ಲ. ಹಾಕಿದರೆ ಬಂದು ಬೈಯುವ ಜನ ಅವರು.

ಗದಗಿಗೆ ಮುದ್ರಣ ಕಾಶಿ ಅಂತಾರೆ. ನಮ್ಮಂಥ ಸಣ್ಣ ಪ್ರೆಸ್ಸುಗಳ ವರ್ಷದ ಗಳಿಕೆ ನಿಂತಿರುವುದು ಮಾತ್ರ ಬ್ಯಾಸಗಿಯ ಲಗ್ನದ ಕಾರ್ಡುಗಳ ಮೇಲೆ. 2020ರಲ್ಲಿ ಯುಗಾದಿ ಮಾರ್ಚ್ 25ಕ್ಕೆ ಬಂತು. ಲಾಕ್‌ಡೌನ್ ಶುರುವಾದದ್ದೂ ಅವತ್ತೇ. ಏಪ್ರಿಲ್ 26ರ ಬಸವ ಜಯಂತಿ ಮುಹೂರ್ತಕ್ಕೆಂದು ಹೊಡೆದಿಟ್ಟ ಕಾರ್ಡು ಕಟ್ಟು ಕಟ್ಟಾಗಿ ರ‍್ಯಾಕಿನಲ್ಲೇ ಉಳಿದವು. ಮಷಿನ್ ತಂದು ಇನ್ನೂ ವರ್ಷ ತುಂಬಿರಲಿಲ್ಲ. ಕಂತು ಕಟ್ಟಲು ಆಗಸ್ಟ್ ತನಕ ಸಡಿಲು ಸಿಕ್ಕಿತು ನಿಜ, ಬಡ್ಡಿ ಬೆಳೆಯುವುದು ನಿಲ್ಲಲಿಲ್ಲ. ಮುಂದಿನ ವರ್ಷ ಸರಿಯಾಗಿ ಲಗ್ನದ ಹಂಗಾಮಿಗೇ ಮತ್ತೆ ಬೀಗ. 50 ಮಂದಿಯ ಮದುವೆಗೆ ಕಾರ್ಡು ಯಾರು ಹೊಡೆಸುತ್ತಾರೆ? ವಾಟ್ಸಾಪಿನಲ್ಲಿ ಒಂದು ಫೋಟೊ ಬಿಟ್ಟರೆ ಮುಗೀತು, ಅಲ್ವಾ?

ಆಗ ‘ಎಲ್ಲಾ ಛಲೋ ಆಗ್ತದ, ಚಿಂತಿ ಮಾಡಬ್ಯಾಡ’ ಅನ್ನುವವರು ಬಹಳ ಇದ್ದರು. ಖರೆ ಹೇಳಬೇಕೆಂದರೆ ನನಗೆ ಸಿಟ್ಟು ಬರುತ್ತಿತ್ತು. ನನ್ನನ್ನು ಎತ್ತಿ ನಿಲ್ಲಿಸಿದವರು ಮಾತು ಕಮ್ಮಿ ಆಡಿದವರು.

ಮೊದಲು ನಮ್ಮ ಮಷಿನ್‌ಮನ್ ಕಾಕಾ. ಮನೆ ನಮ್ಮ ಓಣಿಯಲ್ಲೇ. ಪೂರಾ ಪಗಾರ ಕೊಡಲು ಆಗುತ್ತಿರಲಿಲ್ಲ. ಆದರೂ ಅರ್ಧ ಶಟರ್ ಎತ್ತಿ, ಬಗ್ಗಿ ಒಳಗೆ ಬರುತ್ತಿದ್ದರು. ಆಫ್‌ಸೆಟ್ ಮಷಿನ್ ಸುಮ್ನೆ ನಿಂತರೆ ಕೆಡುತ್ತದೆ. ರಬ್ಬರ್ ರೋಲರಿನ ಮೇಲೆ ಇಂಕು ಒಣಗಿ ಮೇಲ್ಮೈ ಗಾಜಿನಂತೆ ನುಣ್ಣಗಾಗುತ್ತದೆ. ಒಂದಕ್ಕೊಂದು ಒತ್ತಿಕೊಂಡು ನಿಂತ ಜಾಗ ಚಪ್ಪಟೆಯಾಗುತ್ತದೆ. ಕಾಕಾ ಒಂದೊಂದೇ ರೋಲರ್ ಒರೆಸಿ, ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಖಾಲಿ ಮಷಿನ್ ಓಡಿಸುತ್ತಿದ್ದರು. ‘ಕಾಗದ ಇಲ್ಲದ ಯಾಕ್ರೀ ಕಾಕಾ, ಕರೆಂಟ್ ದಂಡ’ ಅಂದರೆ, ‘ಕೆಲಸ ಬಂದ ದಿನ ಮಷಿನ್ ಏಳಬೇಕಲ್ಲೋ’ ಅನ್ನುತ್ತಿದ್ದರು. ಆ ಸಪ್ಪಳ ಕೇಳಿಯೇ ಮೂಲೆಯ ಔಷಧಿ ಅಂಗಡಿಯವರು ಬಂದು, ಪ್ರೆಸ್ ಚಾಲೂ ಐತೇನ್ರೀ ಎಂದು ಕೇಳಿದರು. ಗುಳಿಗೆ ಹಾಕುವ ಸಣ್ಣ ಪಾಕೀಟು ಬೇಕಿತ್ತು ಅವರಿಗೆ. ಆ ದಿನಗಳಲ್ಲಿ ಮನೆಗೆ ರೇಷನ್ ಬಂದದ್ದು ಆ ಪಾಕೀಟಿನಿಂದ.

ಇನ್ನು ನನ್ನ ಹೆಂಡತಿ. ಯಾರೂ ಒಯ್ಯದ ಕಾರ್ಡುಗಳನ್ನು ರದ್ದಿಗೆ ಹಾಕಲು ಬಿಡಲಿಲ್ಲ. ಕಟಿಂಗ್ ಮಷಿನ್ನಿಗೆ ಕೊಟ್ಟು, ಹಿಂದಿನ ಖಾಲಿ ಬದಿ ಮೇಲೆ ಬರುವಂತೆ ಚೀಟಿ ಪ್ಯಾಡ್ ಕಟ್ಟಿಸಿದಳು. ಕಿರಾಣಿ ಅಂಗಡಿಗಳಿಗೆ ತಾನೇ ಹೋಗಿ ಮಾರಿದಳು. ಹಲವು ತಿಂಗಳು ನಮ್ಮ ಓಣಿಯವರ ಬ್ಯಾಳಿ, ಬೆಲ್ಲದ ಲೆಕ್ಕದ ಹಿಂದೆ ಅರ್ಧ ಗಣಪತಿ, ಇಲ್ಲವೇ ಬರೀ ‘ಚಿ. ಸೌ.’ ಇರುತ್ತಿತ್ತು. ಅದನ್ನು ನೋಡಿ ನಕ್ಕವರಿಗೂ ಶರಣು. ಆಗ ನಗು ತುಟ್ಟಿಯಾಗಿತ್ತು.

ಹುಬ್ಬಳ್ಳಿಯ ಕಾಗದದ ಸಾವಕಾರರು ಹಳೆ ಬಾಕಿ ಇದ್ದರೂ ಉದ್ರಿ ನಿಲ್ಲಿಸಲಿಲ್ಲ. ಬೈಂಡಿಂಗ್ ಅಕ್ಕಂದಿರು ಬೇರೆ ಕಡೆ ಕೂಲಿ ಮಾಡಿದರು, ಕರೆದ ದಿನ ವಾಪಸ್ ಬಂದರು. ಸಹಕಾರಿ ಸಂಘದವರು ಕೈಸಾಲ ಕೊಟ್ಟರು. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ಸೀಮೆ ನಮ್ಮದು, ನೋಡ್ರಿ.

ಮುಳಗುಂದದ ಕಡೆಯ ಒಬ್ಬ ರೈತರನ್ನು ಬಿಡುವಂತಿಲ್ಲ. ಮಗಳ ಲಗ್ನ ಮನೆಯಲ್ಲೇ ಮುಗಿಸಿದ್ದರು, ಒಂದು ಕಾರ್ಡೂ ಹಂಚಿರಲಿಲ್ಲ. ಬಸ್ಸು ಬಿಟ್ಟ ಮೇಲೆ ಬಂದು ಬಾಕಿ ರೊಕ್ಕ ಎಣಿಸಿಕೊಟ್ಟರು. ನಾನು ಬ್ಯಾಡ್ರೀ ಅಂದೆ. ‘ಹಂಚಿಲ್ಲ ಖರೆ. ನೀವು ಹೊಡದದ್ದು ಸುಳ್ಳಾಗೂದಿಲ್ಲಲ್ರಿ’ ಅಂದರು. ಒಂದು ಕಾರ್ಡು ಮಾತ್ರ ಕೇಳಿ ಒಯ್ದರು.

ಬರುವ ಭಾನುವಾರ ಪ್ರೆಸ್ಸಿನಲ್ಲಿ ಸಣ್ಣ ಪೂಜೆ, ಆಮೇಲೆ ರೊಟ್ಟಿ, ಎಣ್ಣೆಗಾಯಿ, ಮಾದಲಿ ಊಟ. ಎಲ್ಲರೂ ಬರ್ರಿ. ಪ್ರೆಸ್ಸಿನವನಾಗಿ ಒಂದು ಕಾರ್ಡು ಯಾಕೆ ಹೊಡೆಸಲಿಲ್ಲ ಅಂತ ಕೇಳಬೇಡಿ. ಈ ತಿಂಗಳು ಮಷಿನ್ ಖಾಲಿ ಇಲ್ಲ.