ಮಗಳಿಗೊಂದು ಪತ್ರ: ಕರಿಕಲ್ಲು, ಕೆಂಪುಕಲ್ಲು

ಫೋಂಡಾ, ಗೋವಾ

ಗೌರಿಗೆ ಅವ್ವನ ಆಶೀರ್ವಾದಗಳು.

ಹಳೆ ಕಟ್ಟಡ, ಮ್ಯೂಸಿಯಂ ನೋಡಲು ಒಂದು ದಿನ ಸುತ್ತಾಡುವ ನಿನ್ನ ಪಟ್ಟಿ ನೋಡಿದೆ. ನೀನೂ ಅಳಿಯಂದಿರೂ ಶುಕ್ರವಾರ ಹೊರಡುವುದು ಬೇಡ. ಹಳೆ ಗೋವಾದ ಪುರಾತತ್ವ ಇಲಾಖೆಯ ಮ್ಯೂಸಿಯಂಗೆ ಶುಕ್ರವಾರ ರಜೆ, ಅದನ್ನು ಬಿಟ್ಟರೆ ಈ ಸುತ್ತಾಟಕ್ಕೆ ಅರ್ಥವಿಲ್ಲ. ಭಾನುವಾರ ಬೆಳಿಗ್ಗೆ ಚರ್ಚುಗಳಲ್ಲಿ ಪ್ರಾರ್ಥನೆ ನಡೆಯುತ್ತದೆ. ಶನಿವಾರ ಇಟ್ಟುಕೊಳ್ಳಿ. ಬೆಣಾವ್ಲಿಯ ಗೋವಾ ಚಿತ್ರ ಮ್ಯೂಸಿಯಂ, ಚಾಂದೋರಿನ ಹಳೆ ಬಂಗಲೆ ಎರಡೂ ದಕ್ಷಿಣದ ದಿಕ್ಕು, ಅವನ್ನು ಪಟ್ಟಿಯಿಂದ ತೆಗೆ. ಬೋಗ್ಮಾಳೊದ ನೌಕಾ ವಿಮಾನಗಳ ಮ್ಯೂಸಿಯಂ ನಿಮ್ಮ ವಾಸ್ಕೋ ಮನೆಯ ಹತ್ತಿರವೇ ಇದೆ, ಬೇರೆ ಯಾವತ್ತಾದರೂ ಹೋದರಾಯಿತು. ಒಂದು ದಿನಕ್ಕೆ ತಾಂಬ್ಡಿ ಸುರ್ಲಾದ ಗುಡಿ ಮತ್ತು ಹಳೆ ಗೋವಾ ಸಾಕು.

ಬೆಳಿಗ್ಗೆ ಆರಕ್ಕೆ ಮನೆ ಬಿಡಿ. ಕುಠ್ಠಾಳಿ, ಬೋರಿ ದಾಟಿ ಫೋಂಡಾಕ್ಕೆ ಬಂದಾಗ ಪೆಟ್ರೋಲ್ ತುಂಬಿಸಿಕೊಳ್ಳಿ. ಅಲ್ಲಿಂದ ಬೆಳಗಾವಿ ಹೆದ್ದಾರಿ. ಧಾರಬಾಂದೋಡಾ ದಾಟಿ, ಮೊಲೆಂ ಮುಟ್ಟುವ ಮುಂಚೆಯೇ ಎಡಕ್ಕೆ ಬೊಳ್ಕರ್ಣೆಯ ರಸ್ತೆ ಹಿಡಿಯಬೇಕು. ಮುಂದೆ ಕಾಡು, ಫೋನಿಗೆ ಸಿಗ್ನಲ್ ನೆಚ್ಚುವಂತಿಲ್ಲ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊ. ಅದು ಹತ್ತಿರದ ದಾರಿಯೆಂದು ಯಾವುದಾದರೂ ಮಣ್ಣಿನ ರಸ್ತೆ ತೋರಿಸಿದರೆ ಇಳಿಯಬೇಡಿ, ಡಾಂಬರಿನ ಮೇಲೇ ಇರಿ.

ಇಷ್ಟು ಬೇಗ ಯಾಕೆಂದರೆ, ತಾಂಬ್ಡಿ ಸುರ್ಲಾದ ಮಹಾದೇವ ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಬೆಳಗಿನ ಓರೆ ಬಿಸಿಲಿನಲ್ಲಿ ಕೆತ್ತನೆ ಎದ್ದು ಕಾಣುತ್ತದೆ. ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದರೆ ಕರಿಕಲ್ಲು ಬರೀ ಕಪ್ಪಾಗಿ ಕಾಣುತ್ತದೆ. ಒಳಗೆ ಯಾವಾಗಲೂ ಮಬ್ಬು. ಸಣ್ಣದೊಂದು ಟಾರ್ಚ್ ಒಯ್ದು ಮಂಟಪದ ಮೇಲ್ಛಾವಣಿಯ ಕಮಲಕ್ಕೆ ಹಿಡಿ. ಕಂಬಗಳ ಬುಡವನ್ನೂ ಬಗ್ಗಿ ನೋಡಿ, ಒಂದರಲ್ಲಿ ಆನೆ ಕುದುರೆಯನ್ನು ತುಳಿಯುತ್ತಿದೆ. ಗರ್ಭಗುಡಿಯ ಕಡೆ ಹೋಗುವಲ್ಲಿ ಕಲ್ಲಿನಲ್ಲಿ ಕಿಂಡಿ ಕೊರೆದ ಜಾಲಂಧ್ರಗಳಿವೆ, ಅವಸರದಲ್ಲಿ ಬಂದವರಿಗೆ ಅವು ಕಣ್ಣಿಗೇ ಬೀಳುವುದಿಲ್ಲ. ಹೊರಗೆ ಗೋಪುರವನ್ನು ಒಂದು ಸುತ್ತು ಹಾಕಿದರೆ ಶಿವ, ವಿಷ್ಣು, ಬ್ರಹ್ಮ ಮೂವರೂ ಸಿಗುತ್ತಾರೆ.

ಮುಖ್ಯವಾಗಿ ಕಲ್ಲನ್ನೇ ನೋಡಬೇಕು, ಗೌರಿ. ಗೋವೆಯ ನೆಲ ಹೇರಳವಾಗಿ ಕೊಡುವುದು ಕೆಂಪು ಜಂಬಿಟ್ಟಿಗೆ. ಅಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಗೋಡೆಗೆ ಒಳ್ಳೆಯದು, ಆದರೆ ಮೈಯೆಲ್ಲ ತೂತು, ನವಿರು ಕೆತ್ತನೆಗೆ ಬಗ್ಗುವುದಿಲ್ಲ. ಅದಕ್ಕೇ ಕದಂಬರ ಕಾಲದ ಈ ಗುಡಿಗೆ ಘಟ್ಟದ ಮೇಲಿನಿಂದ ಕರಿಕಲ್ಲು ಬಂತು. 12-13ನೇ ಶತಮಾನದ ಕೆಲಸ. ಬೆಳಗಾವಿ ಕಡೆಯ ನಮ್ಮ ಹಲಸಿಯಿಂದಲೂ ಆಳಿದ ಅದೇ ಗೋವಾ ಕದಂಬರು ಇವರು. ಈ ಎರಡು ಕಲ್ಲುಗಳ ಲೆಕ್ಕ ತಲೆಯಲ್ಲಿಟ್ಟುಕೊಂಡು ಹಳೆ ಗೋವಾಕ್ಕೆ ಹೋಗಿ.

ಒಂಬತ್ತೂವರೆಗೆ ಹೊರಟರೆ ಹನ್ನೊಂದರ ಸುಮಾರಿಗೆ ನಮ್ಮ ಮನೆ ಮುಟ್ಟುತ್ತೀರಿ. ಬೇಗ ಊಟ ಮುಗಿಸಿ, ಬಾಣಸ್ತರಿ ಸೇತುವೆ ದಾಟಿ ಹಳೆ ಗೋವಾ. ಕಾರನ್ನು ಒಂದು ಕಡೆ ನಿಲ್ಲಿಸಿದ ಮೇಲೆ ಮತ್ತೆ ಮುಟ್ಟಬೇಡಿ, ಅಲ್ಲಿ ಎಲ್ಲವೂ ನಡಿಗೆಯ ದೂರ. ಚರ್ಚಿನೊಳಗೆ ಹೋಗಲು ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ.

ಮೊದಲು ಮ್ಯೂಸಿಯಂ, ಐದಕ್ಕೆ ಮುಚ್ಚುತ್ತದೆ. ಸೆ ಕೆಥೆಡ್ರಲ್ ಪಕ್ಕದ ಹಳೆ ಮಠದಲ್ಲಿದೆ. ಮಹಡಿಯ ಮೇಲೆ ಪೋರ್ಚುಗೀಸ್ ವೈಸರಾಯ್‌ಗಳ ಚಿತ್ರಗಳ ಸಾಲು, ಜನ ಅಲ್ಲಿಗೇ ಓಡುತ್ತಾರೆ. ನೀವು ಕೆಳಗೆ ವೀರಗಲ್ಲುಗಳ ಹತ್ತಿರ ನಿಲ್ಲಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಬುಡದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿ ಒಯ್ಯುವುದು, ಮೇಲೆ ಲಿಂಗಪೂಜೆ. ಅಳಿಯಂದಿರಿಗೆ ಈ ಕ್ರಮ ಮೊದಲೇ ಹೇಳಿಬಿಡು. ಗೊತ್ತಿಲ್ಲದೆ ಮೇಲಿಂದ ನೋಡಿದರೆ ಕಥೆ ತಿರುಗಾಮುರುಗಾ ಆಗುತ್ತದೆ.

ಕೆಥೆಡ್ರಲ್‌ಗೆ ಹತ್ತು ನಿಮಿಷ ಸಾಕು. ಅದರ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿತ್ತು. ಆಮೇಲೆ ಎದುರಿನ ಬಾಂ ಜೀಸಸ್ ಚರ್ಚು, 1605ರದು. ಒಳಗೆ ಕ್ಸೇವಿಯರ್ ಸಂತರ ಬೆಳ್ಳಿಯ ಪೆಟ್ಟಿಗೆ ನೋಡಿ ಹೊರಬಂದು ಗೋಡೆಯ ಮುಂದೆ ನಿಲ್ಲಿ. ಕೆಂಪು ಜಂಬಿಟ್ಟಿಗೆಯ ಮೇಲೆ ಕೆತ್ತನೆಗೆ ಮಾತ್ರ ಮುಂಬಯಿ ಹತ್ತಿರದ ವಸಯಿಯಿಂದ ತಂದ ಕರಿಕಲ್ಲು. ಕದಂಬರಿಗೆ ಎದುರಾದ ತೊಡಕೇ ಈ ಚರ್ಚು ಕಟ್ಟಿದವರಿಗೂ! ಮೊದಲು ಗೋಡೆಗೆ ಸುಣ್ಣದ ಗಾರೆಯಿತ್ತು. 1950ರ ದಶಕದಲ್ಲಿ ಅದನ್ನು ಕಿತ್ತರು, ಬೆತ್ತಲೆ ಕಲ್ಲೇ ಚೆಂದವೆಂದು. ಅಂದಿನಿಂದ ಮಳೆನೀರು ತೂತುಗಳಲ್ಲಿ ಇಳಿದು ಕಲ್ಲು ಉದುರುತ್ತಿದೆ. ಆ ಕೆಂಪು ಬಣ್ಣವನ್ನು ಎಲ್ಲರೂ ಹೊಗಳುತ್ತಾರೆ, ನನಗಂತೂ ನೋಡಿದರೆ ಸಂಕಟವಾಗುತ್ತದೆ.

ಗಾರೆ ಹೋದ ಜಂಬಿಟ್ಟಿಗೆಯ ಗತಿ ಏನೆಂದು ನೋಡಲು ಸಂತ ಅಗಸ್ಟೀನರ ಗೋಪುರದ ತನಕ ಗುಡ್ಡ ಹತ್ತಿ, ಗೋಪುರ 46 ಮೀಟರ್ ಎತ್ತರ. ಅಲ್ಲಿನ ಚರ್ಚನ್ನು 1835ರಲ್ಲಿ ಖಾಲಿ ಬಿಟ್ಟರು, 1842ರಲ್ಲಿ ಮೇಲ್ಛಾವಣಿ ಕುಸಿಯಿತು. ನೆರಳಿಲ್ಲ, ಬಿಸಿಲಿಳಿದ ಮೇಲೆ ಹೋಗಿ, ನೀರಿನ ಬಾಟಲಿ ಮರೆಯಬೇಡಿ.

ಹೊತ್ತು ಉಳಿದರೆ ಸಂತ ಕಜೆತಾನ್ ಚರ್ಚಿನ ಹತ್ತಿರದ ಒಂಟಿ ಬಾಗಿಲು ನೋಡಿ ಬನ್ನಿ. ನಮ್ಮ ವಿಜಯಪುರದ ಆದಿಲಶಾಹಿಗೆ ಅಲ್ಲಿದ್ದ ಅರಮನೆಯಲ್ಲಿ ಉಳಿದದ್ದು ಅಷ್ಟೇ. ಅದೂ ಕರಿಕಲ್ಲು.

ಮಧ್ಯಾಹ್ನ ಎಷ್ಟು ಹೊತ್ತಿಗೆ ಬರುತ್ತೀರೆಂದು ಗುರುವಾರವೇ ತಿಳಿಸು, ರೊಟ್ಟಿ ಬಿಸಿಯಾಗಿ ಬಡಿದುಕೊಡುತ್ತೇನೆ.

ನಿನ್ನ ಅವ್ವ