ಮಗಳಿಗೊಂದು ಪತ್ರ: ಅದೇ ಮೆಟ್ಟಿಲು, ಬೇರೆ ಉಸಿರು

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದಗಳು.

ಕಳೆದ ವಾರ ಫೋನಿನಲ್ಲಿ ನೀನು ಸಲೀಸಾಗಿ ಹೇಳಿಬಿಟ್ಟ ಒಂದು ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಬಸಿರಿನಲ್ಲಿ ಏರಿದ್ದ ರಕ್ತದೊತ್ತಡ ಹೆರಿಗೆಯಾದ ಮೇಲೆ ಇಳಿಯಿತು, ಇನ್ನು ಅದರ ಗೊಡವೆ ಇಲ್ಲ ಎಂದೆಯಲ್ಲ, ಅದು. ಅಲ್ಲಿಯೇ ನಾನು ಮರುಮಾತನಾಡಿದ್ದರೆ ನೀನು ‘ಆಯ್ತಮ್ಮ’ ಎಂದು ಫೋನ್ ಇಟ್ಟುಬಿಡುತ್ತಿದ್ದೆ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ಬಸಿರಿನಲ್ಲಿ ಮೈಯೊಳಗೆ ಹರಿಯುವ ರಕ್ತ ಸುಮಾರು ಒಂದೂವರೆ ಪಟ್ಟಾಗುತ್ತದೆ, ಅಷ್ಟನ್ನೂ ಹೃದಯವೇ ದೂಡಬೇಕು. ಹೆಣ್ಣಿನ ಹೃದಯಕ್ಕೂ ರಕ್ತನಾಳಗಳಿಗೂ ಅದೊಂದು ಪರೀಕ್ಷೆಯೇ ಸರಿ. ನಿನಗೆ ಬಂದಿದ್ದ ಪ್ರಿಎಕ್ಲಾಂಪ್ಸಿಯಾ, ಅಂದರೆ ಬಸಿರಿನಲ್ಲಿ ರಕ್ತದೊತ್ತಡ ಏರುವ ಕಾಯಿಲೆ, ಹೆರಿಗೆಯ ನಂತರ ಮರೆಯಾದರೂ, ಅದು ಬಂದುಹೋದ ಹೆಂಗಸರಲ್ಲಿ ಮುಂದೆ ಹೃದ್ರೋಗ ಹಾಗೂ ಪಾರ್ಶ್ವವಾಯುವಿನ ಅಪಾಯ ಉಳಿದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಇರುತ್ತದೆ. ಬಸಿರಿನಲ್ಲಿ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆಯೂ ಹೀಗೆಯೇ ಮುಂದಿನ ಅಪಾಯದ ಸೂಚನೆ. ಹೆದರಿಸಲು ಹೇಳುತ್ತಿಲ್ಲ, ಇಷ್ಟು ಮೊದಲೇ ಸುಳಿವು ಸಿಗುವುದೇ ಅಪರೂಪ, ಅದನ್ನು ಫೈಲಿನಲ್ಲಿ ಮಡಚಿಟ್ಟು ಮರೆಯುವುದು ತರವಲ್ಲ ಎಂದಷ್ಟೇ.

ನನಗಂತೂ ಅಂಥ ಸುಳಿವು ಸಿಕ್ಕಿದಾಗ ನಾನೇ ಅದಕ್ಕೆ ಬೇರೆ ಹೆಸರಿಟ್ಟೆ. ಒದ್ದೆ ಬಟ್ಟೆಯ ಬಕೆಟ್ ಹಿಡಿದು ತಾರಸಿಗೆ ಹತ್ತುವಾಗ ಮೆಟ್ಟಿಲ ತಿರುವಿನಲ್ಲಿ ನಿಲ್ಲಬೇಕಾಗುತ್ತಿತ್ತು. ಕೆಳದವಡೆಯನ್ನು ಯಾರೋ ಒಳಗಿನಿಂದ ಬಿಗಿದಂತಾಗಿ, ಎರಡು ನಿಮಿಷ ನಿಂತರೆ ತಾನಾಗಿಯೇ ಸಡಿಲವಾಗುತ್ತಿತ್ತು. ನಡೆದರೆ ಬರುತ್ತದೆ, ನಿಂತರೆ ಹೋಗುತ್ತದೆ ಎಂಬುದೇ ಹೃದಯದ ಕಡೆಗೆ ಬೆರಳು ಮಾಡುವ ಲಕ್ಷಣವೆಂದು ಆಗ ತಿಳಿದಿರಲಿಲ್ಲ. ಹಲ್ಲಿನದಿರಬೇಕು, ಗ್ಯಾಸಿರಬೇಕು, ವಯಸ್ಸಾಯಿತು ಎಂದುಕೊಂಡು ಮೂರು ವಾರ ಕಳೆದೆ. ಮೊದಲು ನೋಡಿದ ವೈದ್ಯರೂ ಇಸಿಜಿ ತೆಗೆಸದೆ ಗ್ಯಾಸಿನ ಮಾತ್ರೆ ಬರೆದುಕೊಟ್ಟರು. ತಪ್ಪು ಅವರೊಬ್ಬರದೇ ಅಲ್ಲ, ನಾನೇ ಅವರ ಮುಂದೆ ‘ಸ್ವಲ್ಪ ಸುಸ್ತು’ ಎಂದು ಕುಳಿತಿದ್ದೆ. ಹೃದಯದ ಕಟ್ಟಿದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಆ ಪದದ ಮೇಲೆಯೇ ನನಗೆ ಸಿಟ್ಟು. ಏನು ಬೇಕಾದರೂ ಅದರಡಿ ಮುಚ್ಚಿಡಬಹುದು.

ಹೆಂಗಸರಿಗೆ ಹೃದಯಾಘಾತದಲ್ಲಿ ಎದೆನೋವೇ ಬರುವುದಿಲ್ಲ ಎಂದು ಈಗೀಗ ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. ಹೆಣ್ಣಿಗೂ ಗಂಡಿಗೂ ಹೆಚ್ಚಾಗಿ ಕಾಣುವುದು ಎದೆಯ ನೋವು ಅಥವಾ ಬಿಗಿತವೇ. ಆದರೆ ಹೆಂಗಸರಲ್ಲಿ ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ಏದುಸಿರು, ವಾಕರಿಕೆ, ಬೆನ್ನು ಅಥವಾ ದವಡೆಯ ನೋವು, ತಣ್ಣನೆಯ ಬೆವರು, ಕಾರಣವಿಲ್ಲದ ಬಳಲಿಕೆ ಬರುವುದು ಹೆಚ್ಚು. ಇವು ಹಠಾತ್ತನೆ ಬಂದು ಕೆಲವು ನಿಮಿಷಗಳಲ್ಲಿ ಹೋಗದಿದ್ದರೆ ಮನೆಕೆಲಸ ಮುಗಿಸಿ ಹೋಗೋಣವೆನ್ನದೆ ಆಂಬುಲೆನ್ಸ್ ಕರೆಯಬೇಕು. ಜಗತ್ತಿನಲ್ಲಿ ಅತಿ ಹೆಚ್ಚು ಹೆಂಗಸರು ಸಾಯುವುದು ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದಲೇ, ಆದರೂ ಬಹುಕಾಲ ಇದನ್ನು ಗಂಡಸರ ಕಾಯಿಲೆಯೆಂದೇ ಎಣಿಸಲಾಗಿತ್ತು. ಆಸ್ಪಿರಿನ್ ಹೃದಯಾಘಾತವನ್ನು ತಡೆಯಬಲ್ಲದೇ ಎಂದು ನೋಡಿ 1989ರಲ್ಲಿ ಫಲಿತಾಂಶ ಪ್ರಕಟಿಸಿದ ಅಮೆರಿಕದ ಹೆಸರಾಂತ ಅಧ್ಯಯನದಲ್ಲಿದ್ದ 22,071 ವೈದ್ಯರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಹೆಣ್ಣು ತನ್ನ ಹೃದ್ರೋಗವೂ ಗಂಡಿನದರಂತೆಯೇ ಇದೆಯೆಂದು ಸಾಬೀತುಪಡಿಸಿದ ಮೇಲಷ್ಟೇ ಅವಳಿಗೆ ಅವನಂಥ ಚಿಕಿತ್ಸೆ ಸಿಗುತ್ತದೆ ಎಂದು ಹೃದ್ರೋಗ ತಜ್ಞೆ ಬರ್ನಡಿನ್ ಹೀಲಿ 1991ರಲ್ಲಿ ಬರೆದರು.

ಇನ್ನು ವ್ಯಾಯಾಮದ ಮಾತು. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವೇಗ ಅಷ್ಟಿದ್ದರೆ ಸಾಕು, ಕೈಗಡಿಯಾರದ ಲೆಕ್ಕವೇನೂ ಬೇಡ. ದಿನವಿಡೀ ಮನೆಯಲ್ಲಿ ಓಡಾಡುತ್ತೇನಲ್ಲ ಎಂದು ನೀನು ಹೇಳುವುದು ಗೊತ್ತು. ಉಸಿರು ಏರುವಂತೆ ಮಾಡಿದ ಕೆಲಸವೂ ಲೆಕ್ಕಕ್ಕೆ ಬರುತ್ತದೆ, ಆದರೆ ನಾಲ್ಕು ಹೆಜ್ಜೆ ಇಟ್ಟು ನಿಂತು ಮಾಡುವ ಕೆಲಸದಲ್ಲಿ ಉಸಿರು ಏರುವುದೇ ಕಡಿಮೆ. ರಕ್ತದೊತ್ತಡ, ಸಕ್ಕರೆ ಹತೋಟಿಯಲ್ಲಿರುತ್ತವೆ ಎಂಬುದು ಎಲ್ಲರೂ ಹೇಳುವ ಲಾಭ. ನನ್ನ ಪಾಲಿಗೆ ದೊಡ್ಡ ಲಾಭ ಬೇರೆ: ದಿನವೂ ಒಂದೇ ದಾರಿಯಲ್ಲಿ, ಒಂದೇ ಏರಿನಲ್ಲಿ ನಡೆಯುವವಳಿಗೆ ತನ್ನ ಮೈಯ ಅಳತೆ ಸಿಕ್ಕಿರುತ್ತದೆ. ನಿನ್ನೆ ಹತ್ತಿದ ಏರು ಇಂದು ಭಾರವಾದರೆ ಅವಳು ‘ಸುಸ್ತು’ ಎನ್ನುವುದಿಲ್ಲ, ‘ಎರಡು ವಾರದಿಂದ ಇದೇ ತಿರುವಿನಲ್ಲಿ ನಿಲ್ಲುತ್ತಿದ್ದೇನೆ’ ಎನ್ನುತ್ತಾಳೆ. ಹಾಗೆ ಹೇಳಿದವಳಿಗೆ ಗ್ಯಾಸಿನ ಮಾತ್ರೆ ಕೊಟ್ಟು ಕಳಿಸುವುದು ಕಷ್ಟ.

ನಿನ್ನ ಹೆರಿಗೆಯ ಫೈಲಿನಲ್ಲಿರುವ ಡಿಸ್ಚಾರ್ಜ್ ಹಾಳೆಯ ಫೋಟೋ ತೆಗೆದು ನನಗೆ ಕಳಿಸು, ಇನ್ನು ಯಾವ ವೈದ್ಯರನ್ನು ಕಂಡರೂ ಅದನ್ನು ಮೊದಲು ತೋರಿಸು. ಮಗು ಮಲಗಿದ ಹೊತ್ತಿನಲ್ಲಿ ಐದು ನಿಮಿಷ ಬೆನ್ನು ಆನಿಸಿ, ಮಾತಿಲ್ಲದೆ ಕುಳಿತು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು ಬಿಪಿ ನೋಡಿಕೊ. ನಿಮಿಷ ಬಿಟ್ಟು ಇನ್ನೊಮ್ಮೆ ನೋಡು. ಭಾನುವಾರ ಫೋನ್ ಮಾಡುತ್ತೇನೆ. ಅಂಕಿಗಳನ್ನು ಹೇಳು, ‘ನಾರ್ಮಲ್ ಇದೆ’ ಎಂದರೆ ಒಪ್ಪುವುದಿಲ್ಲ.

ನಿನ್ನ,
ಅಮ್ಮ